ಲಂಡನ್ನಿನ ಟೆಲಿವಿಷನ್ ಸ್ಟುಡಿಯೋಗಳ ಕೊರತೆ

ಲಂಡನ್ನಿನ ಟೆಲಿವಿಷನ್ ಸ್ಟುಡಿಯೋಗಳ ಕೊರತೆ ಎಂಬುದು ಬ್ರಿಟನ್ನಿನ ರಾಜಧಾನಿಯಲ್ಲಿ, ಪ್ರೇಕ್ಷಕರ ಸಮ್ಮುಖದಲ್ಲಿ ಕಾರ್ಯಕ್ರಮಗಳನ್ನು ಚಿತ್ರೀಕರಿಸಲು ಯೋಗ್ಯವಾದ, ನಗರದ ಒಳಗೇ ಇರುವ ಸ್ಟುಡಿಯೋಗಳು ಒಂದರ ಹಿಂದೊಂದರಂತೆ ಮುಚ್ಚಿದ್ದರಿಂದ ಉಂಟಾದ ಪರಿಸ್ಥಿತಿ. 2013ರಿಂದ 2018ರವರೆಗಿನ ಅವಧಿಯಲ್ಲಿ ಟೆಲಿವಿಷನ್ ಸೆಂಟರ್, ರಿವರ್‌ಸೈಡ್, ಟೆಡಿಂಗ್ಟನ್, ಫೌಂಟನ್ ಮತ್ತು ಲಂಡನ್ ಸ್ಟುಡಿಯೋಸ್ ಎಂಬ ಐದು ಪ್ರಸಿದ್ಧ ಕೇಂದ್ರಗಳು ಬಾಗಿಲು ಹಾಕಿದವು. ಇವುಗಳಲ್ಲಿ ಮೊದಲ ಎರಡು ಮಾತ್ರ ಪುನರ್ನಿರ್ಮಾಣದ ಬಳಿಕ ಟೆಲಿವಿಷನ್ ಸ್ಟುಡಿಯೋಗಳಾಗಿ ಮತ್ತೆ ತೆರೆದವು. ವಿಚಿತ್ರವೆಂದರೆ, ಇದೇ ದಶಕದಲ್ಲಿ ಲಂಡನ್ನಿನ ಹೊರವಲಯದಲ್ಲಿ ಚಲನಚಿತ್ರ ಹಾಗೂ ದುಬಾರಿ ಧಾರಾವಾಹಿಗಳಿಗಾಗಿ ಬೃಹತ್ ಚಿತ್ರೀಕರಣ ಕೇಂದ್ರಗಳು ಬೆಳೆದವು. ಹೀಗೆ ಒಂದು ಬಗೆಯ ಜಾಗ ಹೆಚ್ಚುತ್ತಿರುವಾಗಲೇ ಇನ್ನೊಂದು ಬಗೆಯ ಜಾಗ ಕುಗ್ಗಿದ್ದೇಕೆ ಎಂಬುದು ಈ ವಿಷಯದ ಮುಖ್ಯ ಪ್ರಶ್ನೆ.

ಕನ್ನಡದಲ್ಲಿ ‘ದೂರದರ್ಶನ’ ಎಂಬ ಪದ ಭಾರತದ ಸಾರ್ವಜನಿಕ ವಾಹಿನಿಯ ಹೆಸರೂ ಆಗಿರುವುದರಿಂದ, ಗೊಂದಲ ತಪ್ಪಿಸಲು ಈ ಲೇಖನದಲ್ಲಿ ‘ಟೆಲಿವಿಷನ್’ ಎಂಬ ಪದವನ್ನೇ ಬಳಸಲಾಗಿದೆ.

ಎರಡು ಬಗೆಯ ಸ್ಟುಡಿಯೋಗಳು

ಸ್ಟುಡಿಯೋ ಎಂದೊಡನೆ ನಾಲ್ಕು ಗೋಡೆ, ಒಂದು ಸೂರು ಇರುವ ದೊಡ್ಡ ಕಟ್ಟಡವೆಂದು ಭಾವಿಸುವುದುಂಟು. ಚಲನಚಿತ್ರದ ಸ್ಟುಡಿಯೋ ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ನಿರ್ಮಾಪಕರು ಬರಿದಾದ ಕಟ್ಟಡವನ್ನು ತಿಂಗಳುಗಟ್ಟಲೆ ಬಾಡಿಗೆಗೆ ಪಡೆದು, ದೀಪ, ಕ್ಯಾಮೆರಾ, ಸೆಟ್ಟುಗಳನ್ನು ತಾವೇ ತಂದು ಜೋಡಿಸಿಕೊಳ್ಳುತ್ತಾರೆ. ಅಲ್ಲಿ ಸಾಮಾನ್ಯವಾಗಿ ಒಂದೆರಡು ಕ್ಯಾಮೆರಾಗಳಿಂದ, ಒಂದೊಂದೇ ದೃಶ್ಯವನ್ನು ಬಿಡಿಬಿಡಿಯಾಗಿ ಚಿತ್ರೀಕರಿಸಲಾಗುತ್ತದೆ.

ಬಹು ಕ್ಯಾಮೆರಾ ಟೆಲಿವಿಷನ್ ಸ್ಟುಡಿಯೋ ಬೇರೆಯೇ ಜಾತಿಯದು. ನಾಲ್ಕೈದು ಅಥವಾ ಹೆಚ್ಚು ಕ್ಯಾಮೆರಾಗಳು ಏಕಕಾಲಕ್ಕೆ ಓಡಾಡುತ್ತಿರುವಾಗ ಚಿತ್ರ ಅಲುಗಾಡಬಾರದಾದುದರಿಂದ ಅದರ ನೆಲ ಕನ್ನಡಿಯಂತೆ ಸಮತಟ್ಟಾಗಿರಬೇಕು. ನೂರಾರು ದೀಪಗಳ ಭಾರವನ್ನು ಹೊರುವ ಉಕ್ಕಿನ ಜಾಲರಿ ಮೇಲ್ಛಾವಣಿಯಲ್ಲಿ ಸದಾ ಸಿದ್ಧವಿರಬೇಕು. ನಿರ್ದೇಶಕರು, ಧ್ವನಿ ಮತ್ತು ಬೆಳಕಿನ ತಂತ್ರಜ್ಞರು ಕೂರುವ ನಿಯಂತ್ರಣ ಕೊಠಡಿಗಳು ಪಕ್ಕದಲ್ಲೇ ಇರಬೇಕು. ಪ್ರೇಕ್ಷಕರಿಗೆ ಮೆಟ್ಟಿಲು ಮೆಟ್ಟಿಲಾದ ಆಸನಗಳು, ಅವರು ಕಾಯಲು ಜಾಗ, ಬೆಂಕಿ ಬಿದ್ದರೆ ಹೊರಹೋಗುವ ದಾರಿಗಳು, ಕಲಾವಿದರ ಕೊಠಡಿಗಳು, ಸೆಟ್ಟುಗಳನ್ನು ಹೊತ್ತ ಲಾರಿಗಳು ಒಳಬರುವಷ್ಟು ಎತ್ತರದ ಬಾಗಿಲುಗಳು ಇವೆಲ್ಲವೂ ಬೇಕು. ಹೊರಗಿನ ವಾಹನ, ರೈಲು, ವಿಮಾನಗಳ ಸದ್ದು ಒಳಗೆ ಇಣುಕಬಾರದು. ಇಂತಹ ಸ್ಟುಡಿಯೋದಲ್ಲಿ ಒಂದು ಕಾರ್ಯಕ್ರಮ ಮುಗಿದ ರಾತ್ರಿಯೇ ಸೆಟ್ಟನ್ನು ಕಳಚಿ, ಮರುದಿನ ಮತ್ತೊಂದು ಕಾರ್ಯಕ್ರಮಕ್ಕೆ ಅಣಿಗೊಳಿಸಬಹುದು. ಖಾಲಿ ಗೋದಾಮೊಂದನ್ನು ಚಲನಚಿತ್ರದ ಸ್ಟುಡಿಯೋವಾಗಿ ಮಾರ್ಪಡಿಸುವುದು ಸಾಧ್ಯ. ಆದರೆ ಅದನ್ನು ಪೂರ್ಣ ಪ್ರಮಾಣದ ಟೆಲಿವಿಷನ್ ಸ್ಟುಡಿಯೋ ಮಾಡುವುದು ಬಹಳ ಖರ್ಚಿನ ಕೆಲಸ.

ಸ್ಥಳದ ಮಹತ್ವ

ಹರಟೆ ಕಾರ್ಯಕ್ರಮ, ರಸಪ್ರಶ್ನೆ, ಹಾಸ್ಯ ನಾಟಕ, ಹಾಡು ಕುಣಿತದ ಸ್ಪರ್ಧೆ ಇವುಗಳಿಗೆ ಪ್ರೇಕ್ಷಕರ ನಗು ಮತ್ತು ಚಪ್ಪಾಳೆಯೇ ಜೀವಾಳ. ಬ್ರಿಟನ್ನಿನಲ್ಲಿ ಇವುಗಳ ಪ್ರವೇಶಪತ್ರ ಸಾಮಾನ್ಯವಾಗಿ ಉಚಿತ. ಹಣ ಕೊಡದೆ ಬರುವ ಪ್ರೇಕ್ಷಕ ಮಳೆ ಸುರಿಯುವ ಸಂಜೆ ದೂರದ ಊರಿಗೆ ಹೋಗಲು ಮನಸ್ಸು ಮಾಡುವುದು ಕಷ್ಟ. ಆದುದರಿಂದ ಸ್ಟುಡಿಯೋ ರೈಲು ನಿಲ್ದಾಣದ ಸಮೀಪವಿರುವುದು ಮುಖ್ಯ. ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿದ್ದ ಲಂಡನ್ ಸ್ಟುಡಿಯೋಸ್ ವಾಟರ್‌ಲೂ ನಿಲ್ದಾಣದಿಂದ ಕಾಲ್ನಡಿಗೆಯ ದೂರದಲ್ಲಿತ್ತು. ಟೆಲಿವಿಷನ್ ಸೆಂಟರ್ ವೈಟ್ ಸಿಟಿ ಸುರಂಗ ರೈಲು ನಿಲ್ದಾಣದ ಎದುರಿಗೇ ಇದೆ. ಅತಿಥಿಗಳ ವಿಷಯದಲ್ಲೂ ಇದೇ ಲೆಕ್ಕಾಚಾರ. ಸಂಜೆ ವೆಸ್ಟ್ ಎಂಡ್‌ನ ರಂಗಮಂದಿರದಲ್ಲಿ ಪಾತ್ರ ವಹಿಸಬೇಕಾದ ನಟ ಮಧ್ಯಾಹ್ನ ಒಂದು ಗಂಟೆಯ ಸಂದರ್ಶನಕ್ಕೆ ನಗರದೊಳಗೆ ಬರಬಲ್ಲ, ಹೊರವಲಯಕ್ಕೆ ಹೋಗಿ ಮರಳಲಾರ. ದಿನಗೂಲಿಯ ಲೆಕ್ಕದಲ್ಲಿ ಸ್ವತಂತ್ರವಾಗಿ ದುಡಿಯುವ ಕ್ಯಾಮೆರಾ ಮತ್ತು ಬೆಳಕಿನ ತಂತ್ರಜ್ಞರಿಗೂ ಹತ್ತಿರದ ಸ್ಟುಡಿಯೋ ಎಂದರೆ ವಾರದಲ್ಲಿ ಇನ್ನೊಂದು ದಿನದ ಕೆಲಸ.

ಇತಿಹಾಸ

ಬಿಬಿಸಿಯ ನಿಯಮಿತ ಟೆಲಿವಿಷನ್ ಪ್ರಸಾರ 1936ರ ನವೆಂಬರ್ 2ರಂದು ಉತ್ತರ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್‌ನಿಂದ ಆರಂಭವಾಯಿತು. ಗುಡ್ಡದ ಮೇಲಿನ ಆ ಕಟ್ಟಡ ಪ್ರಸಾರ ಗೋಪುರಕ್ಕೆ ಅನುಕೂಲವಾಗಿತ್ತು, ನಗರದ ಮಧ್ಯಭಾಗದಿಂದ ಬರಬೇಕಾದ ಕಲಾವಿದರಿಗೆ ಅಷ್ಟೇನೂ ಅನುಕೂಲವಾಗಿರಲಿಲ್ಲ. ಯುದ್ಧಾನಂತರ ಕಾರ್ಯಕ್ರಮಗಳು ಹೆಚ್ಚಿದಂತೆ ಬಿಬಿಸಿ ಹೊಸದಾಗಿ ಕಟ್ಟುವುದಕ್ಕೆ ಮೊದಲು ಹಳೆಯ ಕಟ್ಟಡಗಳನ್ನು ಕೊಂಡಿತು. 1949ರಲ್ಲಿ ಲೈಮ್ ಗ್ರೋವ್‌ನ ಚಲನಚಿತ್ರ ಸ್ಟುಡಿಯೋ, 1953ರಲ್ಲಿ ಶೆಫರ್ಡ್ಸ್ ಬುಷ್ ಎಂಪೈರ್ ಎಂಬ ರಂಗಮಂದಿರ, ಅನಂತರ ಹ್ಯಾಮರ್‌ಸ್ಮಿತ್‌ನ ರಿವರ್‌ಸೈಡ್ ಸ್ಟುಡಿಯೋ ಅದರ ಕೈಸೇರಿದವು. ಇವೆಲ್ಲವೂ ಪಶ್ಚಿಮ ಲಂಡನ್ನಿನಲ್ಲಿ ಪರಸ್ಪರ ಹತ್ತಿರದಲ್ಲಿದ್ದವು.

1960ರ ಜೂನ್ 29ರಂದು ತೆರೆದ ಟೆಲಿವಿಷನ್ ಸೆಂಟರ್ ಟೆಲಿವಿಷನ್‌ಗಾಗಿಯೇ ಯೋಜಿಸಿದ ಕಟ್ಟಡ. ಗ್ರಹಾಂ ಡಾಬಾರ್ನ್ ರೂಪಿಸಿದ ಈ ಕಟ್ಟಡದ ನಕ್ಷೆ ಪ್ರಶ್ನಾರ್ಥಕ ಚಿಹ್ನೆಯಂತಿದೆ. ಸ್ಟುಡಿಯೋಗಳನ್ನು ದುಂಡಗಿನ ಅಂಗಳದ ಸುತ್ತ ಗಾಡಿಚಕ್ರದ ಅರಗಳಂತೆ ಜೋಡಿಸಿ, ಕಲಾವಿದರು ಒಳವೃತ್ತದಿಂದಲೂ ಸೆಟ್ಟುಗಳು ಹೊರವೃತ್ತದಿಂದಲೂ ಬರುವಂತೆ ಮಾಡಲಾಗಿತ್ತು. ಎರಡು ಬಗೆಯ ಓಡಾಟ ಒಂದಕ್ಕೊಂದು ಅಡ್ಡಬಾರದ ಈ ಏರ್ಪಾಡು ಕಾರ್ಖಾನೆಯ ಶಿಸ್ತನ್ನು ಕಲೆಗೆ ಒದಗಿಸಿತು ಎನ್ನಬಹುದು. ಅಲ್ಲಿನ ಒಂದನೆಯ ಸ್ಟುಡಿಯೋದ ವಿಸ್ತೀರ್ಣ ಸುಮಾರು 1,000 ಚದರ ಮೀಟರ್.

ಖಾಸಗಿ ಸಂಸ್ಥೆಗಳೂ ಹಿಂದುಳಿಯಲಿಲ್ಲ. ಅಸೋಸಿಯೇಟೆಡ್ ರಿಡಿಫ್ಯೂಷನ್ ಸಂಸ್ಥೆ ವೆಂಬ್ಲಿಯಲ್ಲಿ 1960ರಲ್ಲಿ ತೆರೆದ ಐದನೆಯ ಸ್ಟುಡಿಯೋ ಆಗ ಯೂರೋಪಿನಲ್ಲೇ ದೊಡ್ಡದೆನಿಸಿತ್ತು. ಬೃಹತ್ ಧ್ವನಿನಿರೋಧಕ ಬಾಗಿಲುಗಳನ್ನು ಇಳಿಸಿ ಅದನ್ನು ಎರಡಾಗಿ ವಿಂಗಡಿಸಬಹುದಿತ್ತು. ಟೆಡಿಂಗ್ಟನ್ ಸ್ಟುಡಿಯೋ 1968ರಿಂದ ಥೇಮ್ಸ್ ಟೆಲಿವಿಷನ್ನಿನ ಮನೆಯಾಯಿತು. ಲಂಡನ್ ವೀಕೆಂಡ್ ಟೆಲಿವಿಷನ್ 1972ರಲ್ಲಿ ದಕ್ಷಿಣ ದಂಡೆಯ ಕೇಂದ್ರವನ್ನು ತೆರೆಯಿತು.

ಈ ಎಲ್ಲ ಕಟ್ಟಡಗಳ ಹಿಂದೆ ಇದ್ದ ವ್ಯವಸ್ಥೆಯನ್ನು ಗಮನಿಸಬೇಕು. ಪ್ರಸಾರ ಸಂಸ್ಥೆಯೇ ಕಾರ್ಯಕ್ರಮವನ್ನು ತಯಾರಿಸುತ್ತಿತ್ತು. ಸ್ಟುಡಿಯೋ, ಬಡಗಿ, ಬಣ್ಣಗಾರ, ತಂತ್ರಜ್ಞ ಎಲ್ಲರೂ ಅದರ ಸಂಬಳದ ಪಟ್ಟಿಯಲ್ಲೇ ಇರುತ್ತಿದ್ದರು. 1990ರ ಪ್ರಸಾರ ಕಾಯಿದೆ ಕಾರ್ಯಕ್ರಮಗಳ ಶೇ. 25ರಷ್ಟನ್ನು ಸ್ವತಂತ್ರ ನಿರ್ಮಾಪಕರಿಂದ ಪಡೆಯಬೇಕೆಂದು ವಿಧಿಸಿತು. ಥೇಮ್ಸ್ ಟೆಲಿವಿಷನ್ ಪರವಾನಗಿ ಕಳೆದುಕೊಂಡು 1992ರ ಕೊನೆಗೆ ಪ್ರಸಾರ ನಿಲ್ಲಿಸಿತು. ಬಿಬಿಸಿಯ ಒಳಗೂ ನಿರ್ಮಾಪಕರು ತಮ್ಮ ಸ್ಟುಡಿಯೋ ಬಾಡಿಗೆಯ ಲೆಕ್ಕವನ್ನು ತಾವೇ ನೋಡಿಕೊಂಡು, ಅಗ್ಗವೆನಿಸಿದರೆ ಹೊರಗೆ ಹೋಗುವ ಪದ್ಧತಿ ಬಂದಿತು. ಅಲ್ಲಿಯವರೆಗೆ ಸಂಸ್ಥೆಯ ಅಂಗವಾಗಿದ್ದ ಸ್ಟುಡಿಯೋ ಇನ್ನು ಮುಂದೆ ಲಾಭ ತೋರಿಸಬೇಕಾದ ಒಂದು ಆಸ್ತಿಯಾಯಿತು. ಲೈಮ್ ಗ್ರೋವ್ 1991ರಲ್ಲಿ ಮುಚ್ಚಿ, ನೆಲಸಮವಾಗಿ, ಅಲ್ಲಿ ಮನೆಗಳು ಎದ್ದವು.

ಮುಚ್ಚುಗಡೆಗಳು

ಟೆಲಿವಿಷನ್ ಸೆಂಟರನ್ನು ಮಾರುವ ಉದ್ದೇಶವನ್ನು ಬಿಬಿಸಿ 2007ರಲ್ಲಿ ಪ್ರಕಟಿಸಿತು. 2012ರಲ್ಲಿ ಸ್ಟ್ಯಾನ್‌ಹೋಪ್ ಎಂಬ ಭೂ ಅಭಿವೃದ್ಧಿ ಸಂಸ್ಥೆ ಸುಮಾರು 20 ಕೋಟಿ ಪೌಂಡ್‌ಗೆ ಅದನ್ನು ಕೊಂಡಿತು. 2013ರ ಮಾರ್ಚ್ 31ರಂದು ಕೇಂದ್ರ ಮುಚ್ಚಿತು. ದುಂಡು ಕಟ್ಟಡ ಮತ್ತು ಒಂದನೆಯ ಸ್ಟುಡಿಯೋ ಪಾರಂಪರಿಕ ರಕ್ಷಣೆ ಪಡೆದಿದ್ದವು. ಎಂಟು ಮುಖ್ಯ ಸ್ಟುಡಿಯೋಗಳಲ್ಲಿ ಮೂರನ್ನು ಉಳಿಸಿಕೊಂಡು, ಉಳಿದ ಜಾಗ ವಸತಿ, ಕಚೇರಿ, ಹೋಟೆಲುಗಳಿಗೆ ಹೋಯಿತು. ಆ ಮೂರು ಸ್ಟುಡಿಯೋಗಳು 2017ರಲ್ಲಿ ಮತ್ತೆ ತೆರೆದವು.

ರಿವರ್‌ಸೈಡ್ 2014ರಲ್ಲಿ ಪುನರ್ನಿರ್ಮಾಣಕ್ಕಾಗಿ ಮುಚ್ಚಿ, ವಸತಿ ಸಮುಚ್ಚಯದ ಜೊತೆಗೂಡಿ 2019ರಲ್ಲಿ ತೆರೆಯಿತು. ಅದೇ 2014ರ ಕೊನೆಯಲ್ಲಿ ಟೆಡಿಂಗ್ಟನ್ ಮುಚ್ಚಿತು; ನದಿತೀರದ ಆ ಜಾಗವೂ ವಸತಿಗೆ ಹೋಯಿತು. ‘ದಿ ಎಕ್ಸ್ ಫ್ಯಾಕ್ಟರ್’ ಸ್ಪರ್ಧೆಯ ನೇರಪ್ರಸಾರ ನಡೆಯುತ್ತಿದ್ದ ವೆಂಬ್ಲಿಯ ಫೌಂಟನ್ ಸ್ಟುಡಿಯೋ ಸುಮಾರು 1 ಕೋಟಿ 60 ಲಕ್ಷ ಪೌಂಡ್‌ಗೆ ಕ್ವಿಂಟೇನ್ ಎಂಬ ಭೂ ಸಂಸ್ಥೆಗೆ ಮಾರಾಟವಾಗಿ 2016ರ ಕೊನೆಗೆ ಕೆಲಸ ನಿಲ್ಲಿಸಿತು. ಬಳಿಕ ಅದು ರಂಗಮಂದಿರವಾಯಿತು.

ಲಂಡನ್ ಸ್ಟುಡಿಯೋಸ್‌ನ ಪ್ರಕರಣ ಎಲ್ಲಕ್ಕಿಂತ ಹೆಚ್ಚು ಬೋಧಪ್ರದ. ಅದರ ಒಡೆತನವನ್ನು ಐಟಿವಿ 2013ರಲ್ಲಿ 5 ಕೋಟಿ 60 ಲಕ್ಷ ಪೌಂಡ್‌ಗೆ ಪಡೆದಿತ್ತು. ಕಟ್ಟಡವನ್ನು ಹೊಸದಾಗಿ ಕಟ್ಟಿ, ಸ್ಟುಡಿಯೋಗಳೊಂದಿಗೆ ಹಿಂತಿರುಗುವ ಯೋಜನೆಯಿಂದ 2018ರ ಏಪ್ರಿಲ್‌ನಲ್ಲಿ ಅಲ್ಲಿನ ಚಿತ್ರೀಕರಣ ನಿಲ್ಲಿಸಲಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಹಿಂತಿರುಗುವ ಆಲೋಚನೆಯನ್ನೇ ಸಂಸ್ಥೆ ಕೈಬಿಟ್ಟಿತು. 2019ರಲ್ಲಿ ಆ ಜಾಗ ಜಪಾನಿನ ಮಿತ್ಸುಬಿಷಿ ಎಸ್ಟೇಟ್ ಸಂಸ್ಥೆಗೆ 14 ಕೋಟಿ 56 ಲಕ್ಷ ಪೌಂಡ್‌ಗೆ ಮಾರಾಟವಾಯಿತು. ಆರು ವರ್ಷದಲ್ಲಿ ನೆಲದ ಬೆಲೆ ಎರಡೂವರೆ ಪಟ್ಟು! ಯಾವ ಹರಟೆ ಕಾರ್ಯಕ್ರಮದ ಬಾಡಿಗೆಯೂ ಇಂತಹ ಲಾಭಕ್ಕೆ ಸರಿಸಾಟಿಯಾಗದು.

ಭೂಮಿಯ ಬೆಲೆ ಮತ್ತು ತೆರಿಗೆ ರಿಯಾಯಿತಿ

ಸ್ಟುಡಿಯೋ ಎಂಬುದು ಕಿಟಕಿಗಳಿಲ್ಲದ, ಎತ್ತರವಿದ್ದರೂ ಒಂದೇ ಅಂತಸ್ತಿನ ಪೆಟ್ಟಿಗೆ. ಅಷ್ಟೇ ಎತ್ತರದಲ್ಲಿ ಮೂರು ನಾಲ್ಕು ಅಂತಸ್ತಿನ ಕಚೇರಿ ಅಥವಾ ಮನೆಗಳನ್ನು ಕಟ್ಟಬಹುದು. ಅಲ್ಲದೆ ಸ್ಟುಡಿಯೋ ವರ್ಷದ ಎಲ್ಲ ದಿನವೂ ಭರ್ತಿಯಾಗಿರುವುದಿಲ್ಲ. ಆದುದರಿಂದ ಸ್ಥಳ ಉತ್ತಮವಾದಷ್ಟೂ ಸ್ಟುಡಿಯೋಗೆ ಅಪಾಯ ಹೆಚ್ಚು: ಪ್ರೇಕ್ಷಕರನ್ನು ಸೆಳೆಯುವ ರೈಲು ನಿಲ್ದಾಣ ಮತ್ತು ನದಿಯ ದಂಡೆಗಳೇ ಮನೆ ಕೊಳ್ಳುವವರನ್ನೂ ಸೆಳೆಯುತ್ತವೆ.

ಇನ್ನೊಂದು ಕಾರಣ ಸರ್ಕಾರದ ತೆರಿಗೆ ನೀತಿ. 2013ರ ಏಪ್ರಿಲ್‌ನಿಂದ, ಗಂಟೆಗೆ ಕನಿಷ್ಠ 10 ಲಕ್ಷ ಪೌಂಡ್ ವೆಚ್ಚವಾಗುವ ಧಾರಾವಾಹಿ ಮುಂತಾದ ಕಾರ್ಯಕ್ರಮಗಳಿಗೆ ಬ್ರಿಟನ್ ತೆರಿಗೆ ರಿಯಾಯಿತಿ ನೀಡತೊಡಗಿತು. ಹರಟೆ, ರಸಪ್ರಶ್ನೆ, ಸ್ಪರ್ಧೆ, ವಿವಿಧ ವಿನೋದಾವಳಿಗಳನ್ನು ಈ ಸವಲತ್ತಿನಿಂದ ಹೊರಗಿಡಲಾಯಿತು. ಪರಿಣಾಮವಾಗಿ ಅಂತರರಾಷ್ಟ್ರೀಯ ಬಂಡವಾಳ ಚಲನಚಿತ್ರ ಮಾದರಿಯ ಸ್ಟುಡಿಯೋಗಳತ್ತ ಹರಿಯಿತು. 2019ರಲ್ಲಿ ಡಿಸ್ನಿ ಸಂಸ್ಥೆ ಪೈನ್‌ವುಡ್‌ನಲ್ಲೂ ನೆಟ್‌ಫ್ಲಿಕ್ಸ್ ಶೆಪರ್ಟನ್‌ನಲ್ಲೂ ದೀರ್ಘಾವಧಿಯ ಗುತ್ತಿಗೆ ಪಡೆದವು. 2022ರಲ್ಲಿ ಸ್ಕೈ ಸಂಸ್ಥೆಯ ಹೊಸ ಕೇಂದ್ರ ಎಲ್‌ಸ್ಟ್ರೀಯಲ್ಲಿ ತೆರೆಯಿತು. ಇವುಗಳ ವಿಸ್ತಾರವನ್ನು ನೋಡಿ ಲಂಡನ್ನಿಗೆ ಸ್ಟುಡಿಯೋಗಳ ಬರವಿಲ್ಲ ಎನ್ನುವವರಿದ್ದಾರೆ. ನಾನೂರು ಜನ ಪ್ರೇಕ್ಷಕರನ್ನು ಕೂರಿಸಿಕೊಂಡು ಸಂಜೆ ಎರಡು ಗಂಟೆಯಲ್ಲಿ ಮುಗಿಯುವ ಕಾರ್ಯಕ್ರಮಕ್ಕೆ ಆ ಕಟ್ಟಡಗಳಿಂದ ಹೆಚ್ಚಿನ ಪ್ರಯೋಜನವಿಲ್ಲ.

ಪರಿಣಾಮಗಳು

ಕಾರ್ಯಕ್ರಮಗಳು ನಿಲ್ಲಲಿಲ್ಲ, ವಲಸೆ ಹೋದವು. ‘ಸ್ಟ್ರಿಕ್ಟ್ಲಿ ಕಮ್ ಡಾನ್ಸಿಂಗ್’ ನೃತ್ಯಸ್ಪರ್ಧೆ 2013ರಲ್ಲಿ ಟೆಲಿವಿಷನ್ ಸೆಂಟರ್‌ನಿಂದ ಹರ್ಟ್‌ಫರ್ಡ್‌ಶೈರ್‌ನ ಎಲ್‌ಸ್ಟ್ರೀ ಸ್ಟುಡಿಯೋಗೆ ಹೋಯಿತು. ಅಲ್ಲಿ ಚಲನಚಿತ್ರಕ್ಕೆಂದು ಕಟ್ಟಿದ ಸ್ಟುಡಿಯೋಗೆ ಟೆಲಿವಿಷನ್ ಸೌಕರ್ಯಗಳನ್ನು ಅಳವಡಿಸಿಕೊಳ್ಳಬೇಕಾಯಿತು. ‘ಡಾನ್ಸಿಂಗ್ ಆನ್ ಐಸ್’ ಮತ್ತು ‘ದಿ ಮಾಸ್ಕ್ಡ್ ಸಿಂಗರ್’ ಬೋವಿಂಗ್ಡನ್ ಎಂಬಲ್ಲಿನ ಹಳೆಯ ವಿಮಾನ ನಿಲ್ದಾಣದಲ್ಲಿ ಆಶ್ರಯ ಪಡೆದವು. ‘ದಿ ವಾಯ್ಸ್’ ಗಾಯನ ಸ್ಪರ್ಧೆಯ ಬ್ರಿಟಿಷ್ ಆವೃತ್ತಿ ಸಾಲ್ಫರ್ಡ್‌ನ ಮೀಡಿಯಾಸಿಟಿಗೆ ಹೋಯಿತು.

ಐಟಿವಿಯ ಹಗಲಿನ ಕಾರ್ಯಕ್ರಮಗಳು 2018ರಲ್ಲಿ ದಕ್ಷಿಣ ದಂಡೆಯನ್ನು ಬಿಟ್ಟು ಟೆಲಿವಿಷನ್ ಸೆಂಟರ್‌ನ ಎರಡು ಸ್ಟುಡಿಯೋಗಳನ್ನು ಹಿಡಿದವು. ಅಂದರೆ ಬಿಬಿಸಿಯ ಹಳೆಯ ಮನೆಯಲ್ಲಿ ಅದರ ಪ್ರತಿಸ್ಪರ್ಧಿ ನಿತ್ಯದ ಬಾಡಿಗೆದಾರನಾದ. ಬಿಡಿಬಿಡಿಯಾಗಿ ಬಾಡಿಗೆಗೆ ಕೇಳುವ ಇತರ ನಿರ್ಮಾಪಕರಿಗೆ ಅಲ್ಲಿ ಉಳಿದದ್ದು ಒಂದೇ ದೊಡ್ಡ ಸ್ಟುಡಿಯೋ.

ತಂತ್ರಜ್ಞರ ತರಬೇತಿಯ ಮೇಲೂ ಇದರ ನೆರಳು ಬಿದ್ದಿದೆ. ಹಿಂದೆ ದೊಡ್ಡ ಕೇಂದ್ರವೊಂದರಲ್ಲಿ ಸೇರಿದ ಕಿರಿಯನು ಅನುಭವಿಗಳ ಪಕ್ಕದಲ್ಲಿ ನಿಂತು, ಒಂದೇ ವಾರದಲ್ಲಿ ನಾಟಕ, ಸಂಗೀತ, ಮಕ್ಕಳ ಕಾರ್ಯಕ್ರಮ ಎಲ್ಲವನ್ನೂ ಕಲಿಯಬಹುದಿತ್ತು. ಚದುರಿದ ತಾತ್ಕಾಲಿಕ ಜಾಗಗಳಲ್ಲಿ ಅಂತಹ ಗುರುಕುಲ ಇರುವುದಿಲ್ಲ.

ಭಿನ್ನಾಭಿಪ್ರಾಯಗಳು

ಮುಚ್ಚುಗಡೆಯನ್ನು ಎಲ್ಲರೂ ನಷ್ಟವೆಂದು ಭಾವಿಸುವುದಿಲ್ಲ. ವೀಕ್ಷಕರು ದೇಶದ ಎಲ್ಲೆಡೆ ಇರುವಾಗ ಕೆಲಸ ಮಾತ್ರ ರಾಜಧಾನಿಯಲ್ಲಿ ಕೂಡಿಕೊಳ್ಳುವುದು ಅನ್ಯಾಯವೆಂಬ ವಾದ ಹಳೆಯದು. ನಿಯಂತ್ರಣ ಸಂಸ್ಥೆಯಾದ ಆಫ್‌ಕಾಮ್, ಕಾರ್ಯಕ್ರಮಗಳ ನಿರ್ದಿಷ್ಟ ಪಾಲು ಲಂಡನ್ನಿನ ಹೊರವರ್ತುಲ ಹೆದ್ದಾರಿಯ ಆಚೆ ತಯಾರಾಗಬೇಕೆಂದು ನಿಗದಿಪಡಿಸಿದೆ. ಈ ವಾದದಲ್ಲಿ ಹುರುಳಿದೆ. ಆದರೆ ಎಲ್‌ಸ್ಟ್ರೀ, ಬೋವಿಂಗ್ಡನ್‌ಗಳಿಗೆ ಹೋದ ಕೆಲಸವೆಲ್ಲ ದೂರದ ಪ್ರಾಂತ್ಯಗಳಿಗೆ ಹೋದಂತಾಗಲಿಲ್ಲ. ಲಂಡನ್ನಿನ ಅದೇ ತಂತ್ರಜ್ಞರು ಇನ್ನಷ್ಟು ದೂರ ಪ್ರಯಾಣಿಸುವಂತಾಯಿತು.

ನಗರದ ಯೋಜನಾ ನಿಯಮಗಳ ಮೂಲಕ ಸ್ಟುಡಿಯೋಗಳನ್ನು ಉಳಿಸಬಹುದೇ ಎಂಬ ಪ್ರಶ್ನೆಗೆ ಸಿಕ್ಕ ಉತ್ತರಗಳು ಮಿಶ್ರವಾಗಿವೆ. ಟೆಲಿವಿಷನ್ ಸೆಂಟರ್ ಮತ್ತು ರಿವರ್‌ಸೈಡ್‌ಗಳಲ್ಲಿ ವಸತಿ ನಿರ್ಮಾಣದ ಜೊತೆಗೇ ಸ್ಟುಡಿಯೋ ಉಳಿಯಿತು. ಹಾಗೆ ಉಳಿದದ್ದೂ ಸುಭದ್ರವೆನ್ನುವಂತಿಲ್ಲ: ರಿವರ್‌ಸೈಡ್‌ನ ಆಡಳಿತ ಸಂಸ್ಥೆ ಸಾಲದ ಹೊರೆಯಿಂದ 2023ರಲ್ಲಿ ದಿವಾಳಿ ಪ್ರಕ್ರಿಯೆಯ ಆಡಳಿತಾಧಿಕಾರಿಗಳ ಕೈಸೇರಿತ್ತು. ದಕ್ಷಿಣ ದಂಡೆಯ ಜಾಗದಲ್ಲಿ ಬೃಹತ್ ಕಚೇರಿ ಕಟ್ಟಡದ ಪ್ರಸ್ತಾಪಕ್ಕೆ ಸ್ಥಳೀಯ ನಿವಾಸಿಗಳಿಂದ ತೀವ್ರ ವಿರೋಧ ಬಂದು, ಸಾರ್ವಜನಿಕ ವಿಚಾರಣೆ ನಡೆಯಿತು. 2024ರ ಫೆಬ್ರವರಿಯಲ್ಲಿ ಅಂದಿನ ಸಚಿವ ಮೈಕೆಲ್ ಗೋವ್ ಆ ಯೋಜನೆಗೆ ಅನುಮತಿ ನೀಡಿದರು.