ಕಡೆಗೀಲು ಮತ್ತು ಲಾಕ್ ನಟ್ಟು

ಸುರಪುರದಿಂದ ತೆಂಕಣಕ್ಕೆ ಹೊರಟು, ತಿಂಥಣಿಯ ಬಳಿ ಕೃಷ್ಣೆಯನ್ನು ದಾಟಿ, ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಹಾದು ತುಂಗಭದ್ರೆಯತ್ತ ಇಳಿಯುವ ಹೆದ್ದಾರಿಯು ಇಂದು 150ಎ ಎಂಬ ಸಂಖ್ಯೆಯಿಂದ ವ್ಯವಹೃತವಾಗುತ್ತಿದೆ. ಆದರೆ ಎರಡು ಮಹಾನದಿಗಳ ನಡುವಣ ಈ ಎಡೆದೊರೆ ನಾಡಿನಲ್ಲಿ ಜನವಸತಿಯೂ ಲೋಹಕರ್ಮವೂ ಬಹು ಪುರಾತನವಾದುವು. 1915ರಲ್ಲಿ ಚಿನ್ನದ ಅದಿರನ್ನು ಅರಸುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರಿಗೆ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರನ್ನೇ ಹೊತ್ತ ಶಾಸನವು ಗೋಚರವಾಯಿತು, 1954ರಲ್ಲಿ ಬಿ. ಕೆ. ಥಾಪರ್ ಅವರು ಅಲ್ಲಿ ನಡೆಯಿಸಿದ ಉತ್ಖನನದಲ್ಲಿ, ಕಬ್ಬಿಣವನ್ನು ಬಲ್ಲ ಪ್ರಾಚೀನ ಜನರು ನೆಲೆಸಿದ್ದ ಕುರುಹುಗಳು ದೊರೆತುವು. ಮರವೂ ಕಬ್ಬಿಣವೂ ಕೂಡಿ ಬಂಡಿಯಾದ ಮೇಲೆ, ಉರುಳುವ ಗಾಲಿಯು ಅಚ್ಚಿನಿಂದ ಕಳಚಿ ಬೀಳದಂತೆ ತಡೆಯುವುದು ಹೇಗೆಂಬ ಚಿಂತೆಯೂ ಹುಟ್ಟಿತು. ಆ ಚಿಂತೆಯ ಚರಿತ್ರೆಯನ್ನು, ಈ ಹಾದಿಯ ಮೂರು ಊರುಗಳನ್ನು ಕಣ್ಣ ಮುಂದಿರಿಸಿಕೊಂಡು, ಇಲ್ಲಿ ನಿರೂಪಿಸಬಯಸುತ್ತೇನೆ.

ಮೊದಲ ಪರಿಹಾರವೇ ಕಡೆಗೀಲು. ಅಚ್ಚಿನ ತುದಿಯಲ್ಲಿ ಒಂದು ರಂಧ್ರ. ಗಾಲಿಯ ಗುಂಭವು ಅಚ್ಚಿಗೆ ಸೇರಿದ ಮೇಲೆ, ಆ ರಂಧ್ರದೊಳಗೆ ಮೇಲಿನಿಂದ ಕೆಳಕ್ಕೆ ಇಳಿಬಿಡುವ, ತಲೆ ದಪ್ಪನಾದ ಒಂದು ಕಬ್ಬಿಣದ ಗೂಟ. ಅದಕ್ಕೆ ತಿರುವಿಲ್ಲ, ಬೀಗವಿಲ್ಲ. ತನ್ನ ಭಾರದಿಂದಲೇ ನಿಲ್ಲುತ್ತದೆ, ಹೆಚ್ಚೆಂದರೆ ಕುಲುಕಾಟಕ್ಕೆ ಮೇಲೇಳದಂತೆ ಒಂದು ಹಗ್ಗದಿಂದ ಬಿಗಿಯುತ್ತಾರೆ. ಹರಳೆಣ್ಣೆಯಲ್ಲಿ ಹುಲ್ಲಿನ ಕರಿಯನ್ನು ಕಲಸಿದ ಕೀಲೆಣ್ಣೆಯನ್ನು ಹಾಕಬೇಕಾದಾಗ ರೈತನು ಕೀಲನ್ನು ಕೈಯಿಂದಲೇ ಎತ್ತಿ, ಗಾಲಿಯನ್ನು ಹೊರಕ್ಕೆ ಸರಿಸಿ, ಎಣ್ಣೆ ಬಳಿದು, ಮರಳಿ ಕೀಲನ್ನು ಇಳಿಸುತ್ತಿದ್ದನು. ಆದ್ಯ ವಚನಕಾರನೆಂದು ಹೆಸರಾದ ದಾಸಿಮಯ್ಯನು ಇಲ್ಲಿಗೆ ದೂರವಲ್ಲದ, ಕೃಷ್ಣೆಯ ಆಚೆಯ ಮುದನೂರಿನವನು. ಅವನು ಬಂಡಿಗೆ ಆಧಾರವಾದ ಈ ಸಣ್ಣ ಕೀಲನ್ನೇ ಆರಿಸಿಕೊಂಡು, ಒಡಲೆಂಬ ಬಂಡಿಗೆ ಶರಣರ ನುಡಿಯನ್ನು ಕಡೆಗೀಲಾಗಿ ಕಂಡನು. ದಿನವೂ ಬಂಡಿಯನ್ನು ಕಂಡವನಿಗಲ್ಲದೆ ಆ ಉಪಮಾನವು ಹೊಳೆಯುತ್ತಿರಲಿಲ್ಲವೆಂದೇ ನನ್ನ ನಂಬುಗೆ. ಕೀಲು ಮುರಿದರೆ ಮುಂದಿನ ಊರಿನ ಕಮ್ಮಾರನ ಕುಲುಮೆಯಲ್ಲಿ ಮತ್ತೊಂದು ಸಿದ್ಧವಾಗುತ್ತಿತ್ತು. ಬಡಿಗರೂ ಕಮ್ಮಾರರೂ ಭಕ್ತಿಯಿಂದ ನಡೆದುಕೊಳ್ಳುವ ಮೌನೇಶ್ವರನ ಸನ್ನಿಧಿಯು ತಿಂಥಣಿಯಲ್ಲೇ ಇರುವ ಈ ಸೀಮೆಯಲ್ಲಿ ಅಂತಹ ಕೈಗಳಿಗೆ ಕೊರತೆಯಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಲಿಂಗಸುಗೂರು ಹೈದರಾಬಾದ್ ಕಂಟಿಂಜೆಂಟ್ ಸೈನ್ಯದ ದಂಡುಪ್ರದೇಶವಾಗಿ, ಬಳಿಕ 1905ರವರೆಗೂ ನಿಜಾಮರ ರಾಜ್ಯದ ಒಂದು ಜಿಲ್ಲೆಯ ಕೇಂದ್ರವಾಗಿ ಪ್ರಸಿದ್ಧವಾಗಿತ್ತು. ಅದೇ ರಾಜ್ಯದಲ್ಲಿ, 1932ರಲ್ಲಿ, 27 ಬಸ್ಸುಗಳೊಡನೆ ನಿಜಾಮ್ ಸರ್ಕಾರದ ರಸ್ತೆ ಸಾರಿಗೆ ಇಲಾಖೆಯು ಆರಂಭವಾಯಿತು. ಮೋಟಾರು ಬಂದುದರೊಡನೆ ಕೀಲಿನ ಸ್ಥಾನಕ್ಕೆ ನಟ್ಟು ಬಂದಿತು. ಇದು ಬರಿಯ ಆಕಾರಭೇದವಲ್ಲ. ಕಡೆಗೀಲು ಗಾಲಿಯನ್ನು ಅಡ್ಡಗಟ್ಟಿ ನಿಲ್ಲಿಸುತ್ತದೆ. ನಟ್ಟಾದರೋ ಚಕ್ರವನ್ನು ಹಬ್ಬಿಗೆ ಒತ್ತಿ ಹಿಡಿದು, ಆ ಒತ್ತಡದಿಂದ ಹುಟ್ಟುವ ಘರ್ಷಣೆಯ ಬಲದಿಂದಲೇ ಭಾರವನ್ನು ಹೊರಿಸುತ್ತದೆ. ಬಿಗಿ ಕಡಮೆಯಾದರೆ ಚಕ್ರವು ಅಲುಗಿ ಬೋಲ್ಟು ಕಡಿಯುತ್ತದೆ. ಅತಿಯಾದರೆ ಬೋಲ್ಟು ಎಳೆದು ಕೃಶವಾಗುತ್ತದೆ. ಉರುಳುವ ಚಕ್ರವು ನಟ್ಟನ್ನು ತಾನಾಗಿ ಸಡಿಲಿಸೀತೆಂಬ ಭಯದಿಂದ ಹಳೆಯ ಹಲವು ಲಾರಿಗಳಲ್ಲಿ ಎಡಪಕ್ಕದ ನಟ್ಟುಗಳಿಗೆ ಎಡತಿರುವನ್ನೇ ಕೊಟ್ಟಿರುತ್ತಿದ್ದರು. ಇದನ್ನರಿಯದ ಹೊಸ ಕ್ಲೀನರು ಬಿಚ್ಚುವೆನೆಂದು ಬಿಗಿಯುತ್ತಲೇ ಹೋಗಿ ಬೋಲ್ಟು ಮುರಿಯುವುದುಂಟು. ವೇಲ್ಸ್ ದೇಶದ ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ ಡೇವೀಸ್ ಸೋದರರು 1904ರಲ್ಲಿ ತಯಾರಿಸತೊಡಗಿದ ಹೆಚ್ಚುವರಿ ಚಕ್ರವು ಅದೇ ಹೆಸರಿನಿಂದ ನಮ್ಮ ಮಸ್ಕಿಯ ಪಂಕ್ಚರ್ ಅಂಗಡಿಯವರೆಗೂ ಬಂದು ನೆಲೆಸಿತು.

1953ರಲ್ಲಿ ತುಂಗಭದ್ರೆಯ ಕಾಲುವೆಗಳಿಗೆ ನೀರು ಹರಿಯಿತು. ಎಡದಂಡೆಯ ನೀರು ಬಂದ ಮೇಲೆ ಸಿಂಧನೂರಿನ ಜೋಳದ ಎರೆಹೊಲಗಳು ಭತ್ತದ ಗದ್ದೆಗಳಾದುವು. ಕ್ಯಾಂಪುಗಳು ಎದ್ದುವು, ರೈಸ್ ಮಿಲ್ಲುಗಳು ಬಂದುವು, ಟ್ರ್ಯಾಕ್ಟರುಗಳೂ ಲಾರಿಗಳೂ ಬೀದಿ ತುಂಬಿದುವು. ಎತ್ತಿನ ಬಂಡಿಯೂ ಕೂಡ ಟಾಯರ್ ಬಂಡಿಯಾಗಿ, ಕಡೆಗೀಲನ್ನು ತ್ಯಜಿಸಿ ನಟ್ಟನ್ನು ಧರಿಸಿತು. ಆದರೂ ಒಂದು ಗುಣವು ಮಾತ್ರ ಮಾರ್ಪಡಲಿಲ್ಲ: ನಟ್ಟಿನ ಆರು ಮುಖಗಳಿಗೆ ಹೊಂದುವ ಪಾನಾ ಇದ್ದ ಯಾರೇ ಆಗಲಿ, ಯಾವ ಊರಿನಲ್ಲೇ ಆಗಲಿ, ಚಕ್ರವನ್ನು ಬಿಚ್ಚಬಲ್ಲವರಾಗಿದ್ದರು.

ಆ ಗುಣವನ್ನು ಬುದ್ಧಿಪೂರ್ವಕವಾಗಿಯೇ ತೆಗೆದುಹಾಕಿದ ಸಾಧನವು ಲಾಕ್ ನಟ್ಟು. ಬೆಲೆಬಾಳುವ ಅಲಾಯ್ ಚಕ್ರಗಳು ಬಂದ ಮೇಲೆ ಅವುಗಳ ಕಳವೂ ಬಂದಿತು. ಆದುದರಿಂದ ಪ್ರತಿ ಚಕ್ರದಲ್ಲಿ ಒಂದು ನಟ್ಟಿಗೆ ಆರು ಮುಖಗಳ ಬದಲು ಹೂವಿನೆಸಳಿನಂತಹ ವಿಲಕ್ಷಣವಾದ ಗೀರನ್ನು ಕೊರೆದು, ಅದಕ್ಕೆ ಹೊಂದುವ ಕೀಯನ್ನು ಮಾಲೀಕನ ಕೈಗೆ ಕೊಟ್ಟರು. ಇದರ ಉದ್ದೇಶವು ನ್ಯಾಯವಾದುದೇ. ಆದರೆ ಕಳ್ಳನನ್ನು ತಡೆಯುವ ನಟ್ಟು, ಕೀ ಕಳೆದುಹೋದ ದಿನ, ಮಾಲೀಕನನ್ನೂ ತಡೆಯುತ್ತದೆ.

ಸಿಂಧನೂರಿನಲ್ಲಿ ಮದುವೆಗೆ ಹೊರಟಿದ್ದ ಒಂದು ಕುಟುಂಬದ ಕಾರು ಪಂಕ್ಚರ್ ಅಂಗಡಿಯ ಮುಂದೆ ಜಾಕಿಯ ಮೇಲೆ ನಿಂತುದನ್ನು ನಾನು ಕಂಡಿದ್ದೇನೆ. ನಾಲ್ಕು ನಟ್ಟುಗಳು ಸಲೀಸಾಗಿ ಬಂದುವು, ಐದನೆಯದರ ಮುಂದೆ ಅಂಗಡಿಯವನು ಕೈ ತಡೆದು, “ಇದರ ಕೀ ಎಲ್ಲಿಟ್ಟೀರಿ, ಸರ?” ಎಂದನು. ಡಿಕ್ಕಿಯನ್ನೆಲ್ಲ ಶೋಧಿಸಿದ ಬಳಿಕ ಕೀ ದೊರೆಯಿತು, ಆದರೆ ಅದರ ಎರಡು ಎಸಳುಗಳು ಸವೆದು ಮುರಿದಿದ್ದುವು. ಹಿಂದೆ ಯಾರೋ ಗಾಳಿಯ ಗನ್ನಿನಿಂದ ಆ ನಟ್ಟನ್ನು ಬಿಗಿದಿದ್ದರು; ಗೀರಿನೊಳಗೆ ಗದ್ದೆಯ ಕೆಸರು ಒಣಗಿ ತುಕ್ಕಿನೊಡನೆ ಗಟ್ಟಿಯಾಗಿತ್ತು. ಅಂಗಡಿಯವನು ತುಸು ಸಣ್ಣ ಅಳತೆಯ ಹಳೆಯ ಸಾಕೆಟ್ಟನ್ನು ನಟ್ಟಿನ ತಲೆಯ ಮೇಲಿಟ್ಟು ಸುತ್ತಿಗೆಯಿಂದ ಹೊಡೆದು ಕೂರಿಸಿ, ಪಾನಾಕ್ಕೆ ಪೈಪನ್ನು ತೊಡಿಸಿ, ತನ್ನ ದೇಹಭಾರವನ್ನೆಲ್ಲ ಅದರ ಮೇಲೆ ಹೇರಿದನು. ಕರಕರನೆ ಸದ್ದಾಗಿ ನಟ್ಟು ತಿರುಗಿತು. ಚಕ್ರದ ಅಂಚಿಗೆ ಒಂದು ಗೀಟು ಬಿದ್ದಿತು. ಹಾಗೂ ಬಾರದಿದ್ದರೆ ಬೇರೊಂದು ನಟ್ಟನ್ನು ಅದರ ತಲೆಗೆ ವೆಲ್ಡ್ ಮಾಡಿ ತಿರುಗಿಸುವುದುಂಟೆಂದು ಅವನು ಹೇಳಿದನು. ಮುರಿದ ಕೀಲಿಗೆ ಬದಲು ಕೀಲನ್ನು ಮಾಡಿಕೊಡುತ್ತಿದ್ದ ಕಮ್ಮಾರನ ವಿದ್ಯೆಯೇ ಇವನ ಕೈಯಲ್ಲಿ ಉಳಿದುಬಂದಿದೆಯೆಂದು ನನಗೆ ಗೌರವವುಂಟಾಯಿತು. ಆದರೆ ಆ ವಿದ್ಯೆಯು ನಟ್ಟನ್ನು ಹಾಳುಮಾಡದೆ ಬಿಡಿಸಲಾರದೆಂಬುದು ನನ್ನನ್ನು ನೋಯಿಸಿತು.

ಈ ಸೀಮೆಯಲ್ಲಿ ಲಾಕ್ ನಟ್ಟುಳ್ಳ ಕಾರನ್ನು ನಡೆಯಿಸುವವರಲ್ಲಿ ನನ್ನ ಬಿನ್ನಹವಿಷ್ಟೆ: ಕೀಯನ್ನು ಮನೆಯ ಕಪಾಟಿನಲ್ಲಿರಿಸದೆ ಸ್ಟೆಪ್ನಿಯ ಬಳಿ, ಜಾಕಿಯೊಡನೆ ಇರಿಸಿರಿ, ಅದರೊಡನೆ ಬಂದ ಸಂಕೇತಸಂಖ್ಯೆಯನ್ನು ಬೇರೆಡೆ ಬರೆದಿಡಿರಿ, ಹೊಸ ಕೀ ತರಿಸಲು ಅದು ಬೇಕಾಗುತ್ತದೆ. ಆ ಒಂದು ನಟ್ಟಿಗೆ ಗಾಳಿಯ ಗನ್ನನ್ನು ಹಚ್ಚಲು ಯಾರಿಗೂ ಬಿಡಬೇಡಿರಿ. ಸಾಮಾನ್ಯ ಕಾರಿಗೆ 100 ನ್ಯೂಟನ್ ಮೀಟರಿನ ಆಸುಪಾಸಿನ ಬಿಗಿ ಸಾಕು, ಅದನ್ನು ಕೈಪಾನಾದಿಂದಲೇ ಕೊಡಬಹುದು. ಭತ್ತದ ಕಾಲ ಮುಗಿದೊಡನೆ ಒಮ್ಮೆ ಆ ನಟ್ಟುಗಳನ್ನು ಬಿಚ್ಚಿ, ಕೆಸರನ್ನು ತೊಳೆದು, ಮರಳಿ ಹಾಕಿಸಿರಿ.