ಬಚ್ಚಲ ನೀರು, ಹಿತ್ತಿಲ ಬಾಳೆ

ನಮ್ಮ ಹಳೆಯ ಶಾಸನಗಳಲ್ಲಿ ‘ಅರವಂಟಿಗೆ’ ಎಂಬ ಮಾತು ಬರುತ್ತದೆ. ದಾರಿಹೋಕರ ಬಾಯಾರಿಕೆ ತಣಿಸಲು ನೀರಿಟ್ಟು ಕೊಡುವ ಚಪ್ಪರಕ್ಕೆ ಆ ಹೆಸರು. ನಾವು ಇಂದು ಅರವಟ್ಟಿಗೆ ಎನ್ನುವುದು ಅದನ್ನೇ. ಅದನ್ನು ನಡೆಸಿಕೊಂಡು ಹೋಗಲೆಂದು ಭೂಮಿಯನ್ನು ದತ್ತಿ ಬಿಟ್ಟ ಪುಣ್ಯವಂತರಿದ್ದರು. ಯುದ್ಧದ ಗೆಲುವನ್ನು ಕಲ್ಲಿನಲ್ಲಿ ಕೆತ್ತಿಸಿದ ನಾಡೇ ಒಂದು ತಂಬಿಗೆ ನೀರಿನ ಏರ್ಪಾಟನ್ನೂ ಕಲ್ಲಿನಲ್ಲಿ ಕೆತ್ತಿಸಿತು. ಆದರೆ ಮನೆಯೊಳಗಿನ ಬೇಸಗೆಗೆ ಶಾಸನವಿಲ್ಲ. ಶಿವರಾತ್ರಿ ಕಳೆದು ಬಾವಿಯ ಹಗ್ಗ ಸಾಲದೆ ಬಂದಾಗ ಗೃಹಿಣಿ ಏನು ಮಾಡಿದಳು, ಹಿತ್ತಿಲ ಗಿಡಗಳು ಹೇಗೆ ಜೀವ ಹಿಡಿದವು ಎಂಬುದನ್ನು ಗ್ರಂಥಗಳ ಮೂಲೆಯಿಂದಲೂ ಹಿರಿಯರ ನಡೆವಳಿಯಿಂದಲೂ ಹೆಕ್ಕಿಕೊಳ್ಳಬೇಕು.

ಹಾಗೆ ಹೆಕ್ಕಹೊರಟವರಿಗೆ ಮೊದಲು ದೊರೆಯುವುದು ಎರಡನೆಯ ಚಾವುಂಡರಾಯನ ‘ಲೋಕೋಪಕಾರ’. ಚಾಲುಕ್ಯ ಜಯಸಿಂಹನ ಆಳ್ವಿಕೆಯಲ್ಲಿ, ಸುಮಾರು 1025ರಲ್ಲಿ, ಹುಟ್ಟಿದ ಈ ಕೃತಿಯಲ್ಲಿ ಜ್ಯೋತಿಷ ವೈದ್ಯಗಳ ಜೊತೆಗೆ ಅಡುಗೆ, ಗಿಡಮರಗಳ ಆರೈಕೆ, ನೆಲದೊಳಗಿನ ನೀರನ್ನು ಗುರುತಿಸುವ ಬಗೆ, ಇವೂ ಸೇರಿವೆ. ನೀರು ಗುರುತಿಸುವ ವಿದ್ಯೆ ಅವನಿಗಿಂತ ಹಳೆಯದು. ಇಂಥ ಮರದ ಬಳಿ ಇಂಥ ದಿಕ್ಕಿನಲ್ಲಿ ಹುತ್ತವಿದ್ದರೆ ನೀರುಂಟು ಎಂಬ ಮಾತು 6ನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿಯೇ ಇದೆ. ಈ ಗುರುತುಗಳನ್ನೆಲ್ಲ ಇಂದು ನಾವು ನಂಬಬೇಕಾಗಿಲ್ಲ. ಆದರೆ ಬಾವಿ, ಮರ, ಅಡುಗೆಮನೆ ಇವು ಒಂದೇ ಸಂಸಾರಕ್ಕೆ ಸೇರಿದವು ಎಂಬುದನ್ನು ಸಾವಿರ ವರ್ಷದ ಹಿಂದೆ ಕನ್ನಡದ ಲೇಖಕನೊಬ್ಬ ಅರಿತಿದ್ದನೆಂಬುದು ಸಣ್ಣ ಮಾತಲ್ಲ.

ಆ ಸಂಸಾರದ ಲೆಕ್ಕಾಚಾರವನ್ನು ಹಳೆಯ ಮೈಸೂರು ಸೀಮೆಯ ತೊಟ್ಟಿಯ ಮನೆಗಳಲ್ಲಿ ಕಾಣಬಹುದಾಗಿತ್ತು. ಬೇಸಗೆಯಲ್ಲಿ ಅಲ್ಲಿ ಒಂದು ಕೊಡ ನೀರಿಗೆ ಒಂದೇ ಕೆಲಸವಿರಲಿಲ್ಲ. ಅಕ್ಕಿ ತೊಳೆದ ಕಲಗಚ್ಚು ಹಸುವಿನ ಬಾನಿಗೆ. ಸೊಪ್ಪು ತೊಳೆದ ನೀರು ತುಳಸಿ, ಕನಕಾಂಬರ, ದೊಡ್ಡಪತ್ರೆಗಳಿಗೆ. ಮಿಂದ ನೀರು ಬಚ್ಚಲ ಕಂಡಿಯಿಂದ ನೇರವಾಗಿ ಬಾಳೆಯ ಪಾತಿಗೆ. ಮೈಗೆ ಕಡಲೆಹಿಟ್ಟು, ತಲೆಗೆ ಸೀಗೆಪುಡಿ, ಪಾತ್ರೆಗೆ ಬೂದಿ ಹುಣಿಸೆಹಣ್ಣು. ಹೀಗಾಗಿ ಆ ನೀರಿನಿಂದ ಗಿಡಕ್ಕೆ ಕೇಡಿರಲಿಲ್ಲ. ಆ ನೀರು ಕುಡಿದು ಬೆಳೆದ ಬಾಳೆ ಊಟಕ್ಕೆ ಎಲೆ ಕೊಟ್ಟಿತು. ಎಲೆಯಲ್ಲಿ ಉಂಡಮೇಲೆ ತಟ್ಟೆ ತೊಳೆಯುವ ನೀರು ಉಳಿಯಿತು. ಉಂಡ ಎಲೆ ಹಸುವಿಗಾಯಿತು, ಹಸುವಿನ ಗೊಬ್ಬರ ಮತ್ತೆ ಬಾಳೆಯ ಬುಡಕ್ಕೆ ಬಂದಿತು. ಎಳೆಯ ಸಸಿಗಳ ಪಕ್ಕದಲ್ಲಿ ತಳ ತೂತಾದ ಮಡಕೆಯೊಂದನ್ನು ಹೂತು ನೀರು ತುಂಬಿಟ್ಟರೆ, ಅದು ಹನಿಹನಿಯಾಗಿ ಬೇರಿಗೆ ಇಳಿಯುತ್ತಿತ್ತು. ಬುಡದ ಮೇಲೆ ತರಗೆಲೆ, ತೆಂಗಿನ ಸಿಪ್ಪೆ ಹರಡಿದರೆ ತೇವ ಬೇಗ ಆರುತ್ತಿರಲಿಲ್ಲ.

ಬಿಸಿಲನ್ನು ಹಗೆಯೆಂದು ಮಾತ್ರ ಕಂಡವರೂ ಅಲ್ಲ ನಮ್ಮವರು. ಸಂಡಿಗೆ ಹಪ್ಪಳಗಳನ್ನು ಒಣಗಿಸಲು, ಮಿಡಿ ಉಪ್ಪಿನಕಾಯಿ ಹಾಕಲು, ವರ್ಷದ ಮೆಣಸಿನಕಾಯಿ ಬೇಳೆಗಳನ್ನು ಬಿಸಿಲಿಗೆ ಹರವಲು ಅದೇ ಕಾಲ; ಕಾಗೆ ಓಡಿಸುವ ಉದ್ಯೋಗ ಮಕ್ಕಳದು. ಶ್ರೀರಾಮನವಮಿಯ ಪಾನಕ ಕೋಸಂಬರಿಗಳು ಚೈತ್ರದ ಬಿಸಿಲಿಗೆ ತಕ್ಕ ಪ್ರಸಾದ. ಹೊರಮೈಯಲ್ಲಿ ನೀರು ಜಿನುಗಿ ಆರುವುದರಿಂದಲೇ ಒಳಗಿನ ನೀರನ್ನು ತಂಪಾಗಿಡುವ ಮಣ್ಣಿನ ಹೂಜಿ, ಅದರೊಳಗೊಂದು ಲಾವಂಚದ ಬೇರು, ಇವು ಬಡವನಿಗೂ ಎಟುಕುವ ಭೋಗವಾಗಿದ್ದವು. ಕೆರೆ ಬತ್ತಿದಾಗ ಹೂಳೆತ್ತಿ, ಆ ಗೋಡನ್ನು ಹೊಲಕ್ಕೆ ಹೊಡೆಯುತ್ತಿದ್ದುದೂ ಈ ತಿಂಗಳುಗಳಲ್ಲಿಯೇ.

ಹಾಗೆಂದು ಆ ಕಾಲವನ್ನು ಬಂಗಾರದ ಕಾಲವೆಂದು ಹಾಡಿ ಹೊಗಳುವುದು ಸತ್ಯಕ್ಕೆ ಅಪಚಾರವಾದೀತು. ಆ ಕೊಡವನ್ನು ಸೇದಿದ ರಟ್ಟೆ, ಹೊತ್ತ ಸೊಂಟ ಹೆಂಗಸರದು. ಊರ ಬಾವಿಯ ಕಟ್ಟೆಯನ್ನು ಮುಟ್ಟಗೊಡದೆ, ಯಾರಾದರೂ ನೀರು ಹೊಯ್ದಾರೆಯೇ ಎಂದು ದೂರದಲ್ಲಿ ಕಾಯುವಂತೆ ಮಾಡಿದ್ದು ನಮ್ಮ ಸಮಾಜವೇ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಬಾವಿ, ಕೆರೆ, ಸ್ನಾನಘಟ್ಟಗಳನ್ನು ಹೆಸರಿಸಿಯೇ ಭೇದವನ್ನು ನಿಷೇಧಿಸಬೇಕಾಗಿ ಬಂದುದು ಏಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಕೈಕೊಟ್ಟರಂತೂ ಯಾವ ಜಾಣತನವೂ ಸಾಲುತ್ತಿರಲಿಲ್ಲ. 1876ರಿಂದ 1878ರವರೆಗಿನ, ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮದ ಫಲವನ್ನು ಜನಗಣತಿಯೇ ಹೇಳುತ್ತದೆ: 1871ರಲ್ಲಿ 50 ಲಕ್ಷಕ್ಕೂ ಮೇಲಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು.

ಆದ್ದರಿಂದ ನಲ್ಲಿ ಬಂದುದನ್ನು ಹಳಿಯುವಂತಿಲ್ಲ. ಧರ್ಮಾಂಬುಧಿ, ಸಂಪಂಗಿ ಮೊದಲಾದ ಕೆರೆಗಳನ್ನೂ ಬಾವಿಗಳನ್ನೂ ನೆಚ್ಚಿದ್ದ ಬೆಂಗಳೂರಿಗೆ 1896ರಲ್ಲಿ ಹೆಸರಘಟ್ಟದ ನೀರು ಬಂದಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರು. 1974ರಲ್ಲಿ ಸುಮಾರು 100 ಕಿಲೋಮೀಟರು ದೂರದಿಂದ ಕಾವೇರಿ. ಹೆಂಗಸರ ಸೊಂಟದ ಹೊರೆ ಇಳಿಯಿತು. ಆದರೆ ಹೊರೆಯ ಜೊತೆಗೆ ಲೆಕ್ಕವೂ ಹೋಯಿತು. ಸೇದುವ ಕೈಗೆ ನೀರಿನ ತೂಕ ಗೊತ್ತಿತ್ತು. ತಿರುಪುವ ಕೈಗೆ ಗೊತ್ತಿಲ್ಲ. ಧರ್ಮಾಂಬುಧಿ ಬಸ್ಸು ನಿಲ್ದಾಣವಾಯಿತು, ಸಂಪಂಗಿ ಕ್ರೀಡಾಂಗಣವಾಯಿತು, ಮನೆಯ ಬಾವಿಗೆ ಚಪ್ಪಡಿ ಬಿದ್ದಿತು. ಬಚ್ಚಲ ನೀರು ಮೋರಿ ಸೇರಿತು. ಗಿಡಕ್ಕೆ ಕುಡಿಯುವ ನೀರೇ ಬೇಕಾಯಿತು.

2023ರ ಮಳೆ ಸಾಲದೆ ಹೋಗಿ, 2024ರ ಬೇಸಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದಾಗ ಜಲಮಂಡಳಿ ಒಂದು ಆಜ್ಞೆ ಹೊರಡಿಸಿತು: ಕುಡಿಯುವ ನೀರಿನಿಂದ ಕೈತೋಟಕ್ಕೆ ಹಾಯಿಸಿದರೆ, ವಾಹನ ತೊಳೆದರೆ 5,000 ರೂಪಾಯಿ ದಂಡ. ಹಿಂದಿನ ಹಿತ್ತಿಲಲ್ಲಿ ಯಾರ ಆಜ್ಞೆಯೂ ಇಲ್ಲದೆ ನಡೆಯುತ್ತಿದ್ದುದಕ್ಕೆ ನಗರ ದಂಡದ ಭಯ ಹಾಕಬೇಕಾಯಿತು. ನಾವು ಮತ್ತೆ ಹಗ್ಗ ಬಿಂದಿಗೆ ಹಿಡಿಯಬೇಕಾಗಿಲ್ಲ. ಬಾವಿಕಟ್ಟೆಯ ಮಡಿ ಮೈಲಿಗೆ ಮರಳಿ ಬರಲೂಬಾರದು. ಹಳೆಯ ಮನೆಯಿಂದ ಉಳಿಸಿಕೊಳ್ಳಬೇಕಾದದ್ದು ಒಂದೇ ಪಾಠ: ನೀರು ಒಂದು ಸಲ ಬಳಸಿದ ಮಾತ್ರಕ್ಕೆ ಮುಗಿದುಹೋಗುವ ವಸ್ತುವಲ್ಲ. ಈ ಪಾಠಕ್ಕೆ ದೊಡ್ಡ ಹಿತ್ತಿಲೇ ಬೇಕೆಂದಿಲ್ಲ. ಅಕ್ಕಿ ತೊಳೆದ ನೀರನ್ನು ಮೋರಿಗೆ ಚೆಲ್ಲದೆ ಕಿಟಕಿಯ ಬಳಿಯ ಕುಂಡಕ್ಕೆ ಹೊಯ್ದರೂ ಆಯಿತು.