ಜೀನ್ ಜುಗಾನ್ ಹಿಡಿದ ಬುಟ್ಟಿ



2021ರಿಂದ ಧರ್ಮಸಭೆಯು ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ-ಅಜ್ಜಿಯರ ಹಾಗೂ ವೃದ್ಧರ ದಿನವಾಗಿ ಆಚರಿಸುತ್ತಿದೆ. ಅಂದು ನಾವು ಹಿರಿಯರಿಗೆ ಶಾಲು ಹೊದಿಸಿ, ಹೂ ಕೊಟ್ಟು, ಫೋಟೊ ತೆಗೆಸಿಕೊಂಡು ಮನೆಗೆ ಕಳುಹಿಸುತ್ತೇವೆ. ಆ ಮನೆಯಲ್ಲಿ ರಾತ್ರಿ ಒಲೆ ಹಚ್ಚುವವರು ಯಾರೆಂದು ಕೇಳುವುದಿಲ್ಲ. ಆಗಸ್ಟ್ 30ರಂದು ನಾವು ಸ್ಮರಿಸುವ ಸಂತ ಜೀನ್ ಜುಗಾನರು ಅದನ್ನು ಕೇಳಿದವರು.

ಜೀನ್ ಹುಟ್ಟಿದ್ದು 1792ರಲ್ಲಿ, ಫ್ರಾನ್ಸ್ ದೇಶದ ಬ್ರಿಟನಿ ಪ್ರಾಂತ್ಯದ ಕಾಂಕಾಲ್ ಎಂಬ ಮೀನುಗಾರರ ಊರಿನಲ್ಲಿ. ಅವರಿನ್ನೂ ಚಿಕ್ಕವರಿದ್ದಾಗಲೇ ಕಡಲಿಗೆ ಹೋದ ತಂದೆ ಮರಳಿ ಬರಲಿಲ್ಲ. ಮನೆಗೆಲಸ ಮಾಡಿ, ಆಸ್ಪತ್ರೆಯಲ್ಲಿ ದುಡಿದು ಅವರು ಬದುಕಿದರು. ಸೇಂಟ್ ಸರ್ವಾನ್ ಎಂಬ ಬಂದರು ಪಟ್ಟಣದಲ್ಲಿ ದಿಕ್ಕಿಲ್ಲದ ಮುದುಕಿಯರು ಭಿಕ್ಷೆ ಬೇಡುತ್ತಿದ್ದರು. 1839ರ ಚಳಿಗಾಲದಲ್ಲಿ, ತಮ್ಮ 47ನೆಯ ವಯಸ್ಸಿನಲ್ಲಿ, ಜೀನ್ ಅಲ್ಲಿ ಕಣ್ಣು ಕಾಣದ ಒಬ್ಬ ವೃದ್ಧೆಯನ್ನು ತಮ್ಮ ಬಾಡಿಗೆ ಮನೆಗೆ ಕರೆತಂದು ತಮ್ಮ ಹಾಸಿಗೆಯನ್ನೇ ಬಿಟ್ಟುಕೊಟ್ಟರು. ತಾವು ಅಟ್ಟದಲ್ಲಿ ಮಲಗಿದರು.

ಬರುವವರು ಹೆಚ್ಚಿದಂತೆ ಕೈದುಡಿಮೆ ಸಾಲದಾಯಿತು. ಆಗ ಜೀನ್ ಆ ವೃದ್ಧೆಯರಿಗೆ ಯಾವ ಯಾವ ಮನೆಯವರು ಭಿಕ್ಷೆ ನೀಡುತ್ತಿದ್ದರೆಂದು ವಿಚಾರಿಸಿದರು. ಬುಟ್ಟಿ ಹಿಡಿದು ಅದೇ ಬಾಗಿಲುಗಳಿಗೆ ತಾವೇ ಹೋದರು. ಕೊಡುವ ಕೈಗಳು ಅವೇ. ಆದರೆ ಚಳಿಯಲ್ಲಿ ನಡುಗುತ್ತಾ ಚಾಚುವ ಮುಪ್ಪಿನ ಕೈಗಳು ಬೀದಿಯಲ್ಲಿ ಕಾಣದಾದವು. ಮನೆಯೊಳಗೆ, ಕೈಲಾದ ವೃದ್ಧೆಯರು ನೂಲು ತೆಗೆದು ತಮ್ಮ ಪಾಲನ್ನೂ ಸೇರಿಸಿದರು. ಹೀಗೆ ಹುಟ್ಟಿದ್ದೇ ‘ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್’ ಸಭೆ. 1845ರಲ್ಲಿ ಫ್ರೆಂಚ್ ಅಕಾಡೆಮಿ ಜೀನ್‌ರಿಗೆ 3,000 ಫ್ರಾಂಕ್‌ಗಳ ಬಹುಮಾನವಿತ್ತು ಗೌರವಿಸಿತು.

ಗುರುಗಳಾದ ನಾವು ತಲೆತಗ್ಗಿಸಬೇಕಾದ ಪುಟವೂ ಈ ಚರಿತ್ರೆಯಲ್ಲಿದೆ. 1843ರ ಡಿಸೆಂಬರ್‌ನಲ್ಲಿ ಸಹೋದರಿಯರು ಜೀನ್‌ರನ್ನೇ ಮತ್ತೆ ಮುಖ್ಯಸ್ಥೆಯಾಗಿ ಆರಿಸಿದರು. ಕೆಲವೇ ದಿನಗಳಲ್ಲಿ ಅವರ ಮಾರ್ಗದರ್ಶಿ ಗುರುಗಳು ಆ ಆಯ್ಕೆಯನ್ನು ರದ್ದುಮಾಡಿದರು. ಕಾಲಕ್ರಮದಲ್ಲಿ ಸಭೆಯ ಸ್ಥಾಪಕರು ತಾವೇ ಎನಿಸಿಕೊಂಡರು. 1852ರಿಂದ ಜೀನ್ ಸಭೆಯ ಮಾತೃಗೃಹದಲ್ಲಿ ಎಲೆಮರೆಯ ಕಾಯಿಯಂತೆ 27 ವರ್ಷ ಬಾಳಿದರು. 1879ರಲ್ಲಿ ಅವರು ತೀರಿಕೊಂಡಾಗ ಸಭೆಯಲ್ಲಿ ಸುಮಾರು 2,400 ಸಹೋದರಿಯರಿದ್ದರು. ತಮ್ಮ ಮೂಲಮಾತೆ ಅವರೇ ಎಂಬುದು ಎಷ್ಟೋ ಮಂದಿಗೆ ತಿಳಿದಿರಲಿಲ್ಲ. ವೃದ್ಧರನ್ನು ಮೂಲೆಗೆ ಸರಿಸಬಾರದೆಂದು ದುಡಿದ ತಾಯಿಯನ್ನೇ ಮೂಲೆಗೆ ಸರಿಸಲಾಗಿತ್ತು! 1890ರಲ್ಲಿ ರೋಮ್ ಆ ಗುರುಗಳನ್ನು ಅಧಿಕಾರದಿಂದ ಇಳಿಸಿತು. 2009ರ ಅಕ್ಟೋಬರ್ 11ರಂದು ಜಗದ್ಗುರು ಹದಿನಾರನೇ ಬೆನೆಡಿಕ್ಟರು ಜೀನ್‌ರನ್ನು ಸಂತಪದವಿಗೇರಿಸಿದರು.

ಈ ಸಭೆ 1882ರಲ್ಲಿ ಕಲ್ಕತ್ತೆಗೆ, 1900ರಲ್ಲಿ ನಮ್ಮ ಬೆಂಗಳೂರಿಗೆ ಬಂತು. ಇಂದಿಗೂ ಅವರ ಮನೆಗಳಿಗೆ ಜನರ ಕಾಣಿಕೆಯೇ ಆಸರೆ.

ನಮ್ಮ ಧರ್ಮಕೇಂದ್ರದಲ್ಲಿ ಹಣವಿಲ್ಲ, ಕಟ್ಟಡವಿಲ್ಲ ಎನ್ನುತ್ತೇವೆ. ಜೀನ್‌ರ ಬಳಿಯೂ ಇರಲಿಲ್ಲ. ಅವರ ಬಳಿ ಇದ್ದದ್ದು ಹೆಸರುಗಳು: ಯಾರಿಗೆ ಬೇಕು, ಯಾರು ಕೊಟ್ಟಾರು ಎಂಬ ತಿಳಿವಳಿಕೆ. ಮಕ್ಕಳು ದೂರದೂರಿನಿಂದ ಹಣ ಕಳುಹಿಸಬಹುದು; ಆದರೆ ರಾತ್ರಿ ಜ್ವರ ಬಂದರೆ ನೀರು ಕಾಯಿಸಿಕೊಡಲು ಪಕ್ಕದ ಮನೆಯವರೇ ಬೇಕು. ನಾವೂ ಮೊದಲ ಶುಕ್ರವಾರ ಪರಮಪ್ರಸಾದ ಕೊಂಡೊಯ್ದು, ಪ್ರಾರ್ಥಿಸಿ, ಅವಸರದಲ್ಲಿ ಮುಂದಿನ ಮನೆಗೆ ಹೊರಟುಬಿಡುತ್ತೇವೆ. ಇನ್ನು ಮುಂದೆ ಐದು ನಿಮಿಷ ಕುಳಿತು ಊಟ, ಔಷಧಿ, ಒಡನಾಟದ ಬಗ್ಗೆ ಕೇಳೋಣ. ಪ್ರತಿ ವಾರ್ಡಿನವರು ಒಂಟಿ ಹಿರಿಯರ ಹೆಸರು ಬರೆದು, ಪ್ರತಿ ಹೆಸರಿನ ಮುಂದೆ ನೆರೆಮನೆಯವರೊಬ್ಬರ ಹೆಸರನ್ನೂ ಬರೆಯಲಿ.

ಸಂತ ಜೀನ್ ಜುಗಾನರೇ, ಆ ಬುಟ್ಟಿಯನ್ನು ಹಿಡಿಯಲು ನಾಚದಂತೆ ನಮಗಾಗಿ ಪ್ರಾರ್ಥಿಸಿರಿ.